ಸೀಟಿಗೆ ಎಸೆದ ಪುಸ್ತಕ

ಕಾದಂಬರಿಗೆ ಖಾಕಿ ಕಾಗದದ ಬೈಂಡು ಹಾಕಿಕೊಂಡು ಓದಿದ ಕನ್ನಡ ಟೀಚರು ಈ ಎರಡು ತಾಲ್ಲೂಕುಗಳಲ್ಲಿ ನಾನೊಬ್ಬಳೇ ಇರಬೇಕು. ಶಾಲೆ ಶುರುವಾದಾಗ ಮಕ್ಕಳ ಪಠ್ಯಪುಸ್ತಕಕ್ಕೆ ಹಾಕುತ್ತೇವಲ್ಲ, ಅಂಥದೇ ಬೈಂಡು. ಮೂಲೆಗಳನ್ನು ಒಳಕ್ಕೆ ಮಡಚಿ ಉಗುರಿನಿಂದ ಒತ್ತಿದ್ದು. ಕಾರಣ ಮುಖಪುಟ. ಒಂದು ಸ್ಕೂಟರು, ಅದರ ಮೇಲೆ ಒಬ್ಬ ಹುಡುಗ, ಹಿಂದೆ ಒಬ್ಬ ಹುಡುಗಿ, ಅವಳ ಕೆನ್ನೆ ಅವನ ಬೆನ್ನಿಗೆ. ನನಗೆ ನಲವತ್ತೇಳು. ಮದುವೆಯಾಗಿಲ್ಲ. ಸೊರಬದಲ್ಲಿ ಅಣ್ಣನ ಮನೆಯ ಮಹಡಿಯ ಎರಡು ಕೋಣೆ ನನ್ನವು, ಕೆಲಸ ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ. ದಿನಾ ಓಡಾಡುವ ಬಸ್ಸಿನಲ್ಲಿ ಆ ಮುಖಪುಟ ಹಿಡಿದು ಕೂತರೆ ಮರುದಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಗೆ ಗೊತ್ತಾಗಿರುತ್ತದೆ.

ಪುಸ್ತಕ ಕೊಟ್ಟವಳು ಅಣ್ಣನ ಮಗಳು. ಶಿವಮೊಗ್ಗದಲ್ಲಿ ಓದುತ್ತಾಳೆ. ರಜೆಗೆ ಬಂದವಳು, ಅತ್ತೆ, ಇದರಲ್ಲಿ ನಿಮ್ಮ ಥರಾನೇ ಬಾಯಿ ಜೋರಿರೋಳು ಒಬ್ಬಳಿದ್ದಾಳೆ, ಓದಿ ನೋಡಿ ಎಂದು ಮೇಜಿನ ಮೇಲೆ ಇಟ್ಟು ಹೋದಳು. ಇಂಥ ಪುಸ್ತಕ ಮಂಡಕ್ಕಿ ಇದ್ದ ಹಾಗೆ, ತಿಂದಷ್ಟೂ ಹೊಟ್ಟೆ ಖಾಲಿ ಎಂದು ತರಗತಿಯಲ್ಲಿ ಹುಡುಗಿಯರಿಗೆ ವರ್ಷಕ್ಕೊಮ್ಮೆಯಾದರೂ ಹೇಳುವವಳು ನಾನು. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗಾಯಿತು. ಮುಟ್ಟುವುದಿಲ್ಲ ಎಂದುಕೊಂಡೇ ಮೊದಲ ಪುಟ ತಿರುವಿದೆ, ಸಾರು ಸೀದುಹೋಗುವವರೆಗೆ ಏಳಲಿಲ್ಲ.

ಕಥೆ ಏನೂ ದೊಡ್ಡದಲ್ಲ. ಧಾರವಾಡದ ಒಂದು ಓಣಿ. ಅವನಿಗೆ ಅಪ್ಪ ಬಿಟ್ಟುಹೋದ ಸಣ್ಣ ಮುದ್ರಣಾಲಯ, ಅವಳು ದಂತವೈದ್ಯೆ. ಕಾಲೇಜಿನ ದಿನಗಳಿಂದ ಸ್ನೇಹಿತರು. ಸಂಜೆಯಾದರೆ ಒಂದೇ ಅಂಗಡಿಯಲ್ಲಿ ಮಂಡಕ್ಕಿಯ ಗಿರ್ಮಿಟ್ಟು ತಿನ್ನುತ್ತಾರೆ. ಅವಳಿಗೆ ಹಸಿ ಈರುಳ್ಳಿ ಆಗುವುದಿಲ್ಲ, ಅವನು ಮಾತಾಡುತ್ತಲೇ ಅವಳ ತಟ್ಟೆಯಿಂದ ಈರುಳ್ಳಿ ಆರಿಸಿ ತನ್ನ ತಟ್ಟೆಗೆ ಹಾಕಿಕೊಳ್ಳುತ್ತಾನೆ. ಜಗಳ, ತಮಾಷೆ, ಪಕ್ಕದ ಮನೆಯವರ ಚಾಡಿ. ಅರ್ಧ ಪುಸ್ತಕ ಇಷ್ಟೇ, ಆ ಅರ್ಧ ಬಹಳ ಚೆನ್ನಾಗಿದೆ. ಆಮೇಲೆ ಯಾರದೋ ಮದುವೆಯಲ್ಲಿ ಇನ್ನೊಬ್ಬ ಹುಡುಗಿ ಅವನ ಹೆಗಲ ಮೇಲೆ ಕೈಯಿಟ್ಟು ನಗುತ್ತಾಳೆ. ದೂರದಲ್ಲಿ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದ ಇವಳ ಎದೆ ಉರಿಯುತ್ತದೆ. ಅಲ್ಲಿಂದ ಪ್ರೀತಿ. ಪ್ರೀತಿಯೆಂದರೆ ಒಬ್ಬರನ್ನೊಬ್ಬರು ತಪ್ಪು ತಿಳಿದುಕೊಳ್ಳುವುದು, ಒಂದು ಫೋನು ಮಾಡಿದರೆ ಮುಗಿಯುವುದನ್ನು ಪುಟಗಟ್ಟಲೆ ಎಳೆಯುವುದು, ಕೊನೆಗೆ ಅಪ್ಪಿಕೊಳ್ಳುವುದು.

ನನಗೆ ಸಿಟ್ಟು ಬಂತು. ಪ್ರೀತಿ ಶುರುವಾದ ಮೇಲೆ ಇಬ್ಬರೂ ಒಂದು ತಮಾಷೆಯನ್ನೂ ಮಾಡುವುದಿಲ್ಲ. ಈರುಳ್ಳಿ ಆರಿಸುತ್ತಿದ್ದ ಹುಡುಗ ಕಣ್ಣೊಳಗೆ ಕಣ್ಣಿಟ್ಟು ನೋಡುತ್ತಾನೆ, ತಟ್ಟೆಯಲ್ಲಿ ಏನಿದೆಯೆಂದು ನೋಡುವುದಿಲ್ಲ. ಗಂಡು ಹೆಣ್ಣಿನ ಸ್ನೇಹವೆಂದರೆ ಎಲ್ಲಿಗೋ ಹತ್ತಲು ಇಟ್ಟ ಮೆಟ್ಟಿಲೇ, ಅದರಲ್ಲೇ ಕೂತು ಬದುಕಲು ಬರುವುದಿಲ್ಲವೇ ಎಂದು ಬರೆದವರನ್ನು ಮನಸ್ಸಿನಲ್ಲೇ ಬೈದೆ. ಸ್ಟಾಫ್ ರೂಮಿನಲ್ಲೂ, ಪುಸ್ತಕದ ಹೆಸರೆತ್ತದೆ, ಈಗಿನ ಕಾದಂಬರಿಗಳ ಬಗ್ಗೆ ಅಂತ ಇದನ್ನೇ ಜೋರಾಗಿ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡೆ. ಹೇಳದೆ ಬಿಟ್ಟದ್ದು ಒಂದಿತ್ತು. ಚೆನ್ನಾಗಿದ್ದ ಮೊದಲ ಅರ್ಧವನ್ನು ನಾನು ಒಂದು ಸಲ ಓದಿದ್ದೆ. ಚೆನ್ನಾಗಿಲ್ಲದ ಎರಡನೇ ಅರ್ಧವನ್ನು ಮತ್ತೆ ಮತ್ತೆ ಓದಿದ್ದೆ.

ನನಗೂ ಒಬ್ಬರು ಸ್ನೇಹಿತರಿದ್ದಾರೆ. ಅದಕ್ಕೇ ಈ ಸಿಟ್ಟೆಲ್ಲ.

ಅವರು ಸರ್ವೇಯರ್. ಜಮೀನು ಅಳೆಯುವವರು. ನನ್ನ ಹಾಗೆ ಸೊರಬದವರು, ನನ್ನ ಹಾಗೆ ಶಿಕಾರಿಪುರಕ್ಕೆ ದಿನಾ ಓಡಾಡುವವರು. ಮದುವೆಯಾಗಿ ಇಬ್ಬರು ಮಕ್ಕಳು. ಹೆಂಡತಿ ನನ್ನನ್ನು ಅಕ್ಕ ಅನ್ನುತ್ತಾಳೆ, ಪ್ರತಿ ಬೇಸಿಗೆಗೂ ಒಂದು ಭರಣಿ ಮಿಡಿ ಉಪ್ಪಿನಕಾಯಿ ಕಳಿಸುತ್ತಾಳೆ. ಶಿರಾಳಕೊಪ್ಪದ ಮೇಲೆ ಹೋಗುವ ಆ ಬಸ್ಸಿನಲ್ಲಿ ಎಡಗಡೆಯ ಒಂದು ಇಬ್ಬರ ಸೀಟು ವರ್ಷಗಳಿಂದ ನಮ್ಮದು. ಅವರು ನನ್ನನ್ನು ಮೇಡಂ ಅನ್ನುತ್ತಾರೆ, ನಾನು ಅವರನ್ನು ರೀ ಅನ್ನುತ್ತೇನೆ. ಇಷ್ಟು ಕಾಲದಲ್ಲಿ ಒಬ್ಬರ ಹೆಸರು ಇನ್ನೊಬ್ಬರ ಬಾಯಿಗೆ ಬಂದಿಲ್ಲ. ಮೊದಮೊದಲು ಊರವರು ಮಾತಾಡಿಕೊಂಡರು. ಆಡಿಕೊಳ್ಳಲು ನಾವು ಏನನ್ನೂ ಒದಗಿಸದೆ ಇದ್ದಾಗ ಬೇಸತ್ತು ಬೇರೆಯವರನ್ನು ಹುಡುಕಿಕೊಂಡರು.

ಸಂಜೆ ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದು ಅವರ ಕೆಲಸ. ಬಸ್ಸು ಬಂದು ನಿಲ್ಲುವ ಮೊದಲೇ ಹೊರಗಿನಿಂದ ಕಿಟಕಿಯೊಳಗೆ ಕರ್ಚೀಫೋ ಟವೆಲ್ಲೋ ಎಸೆದರೆ ಆ ಸೀಟು ಎಸೆದವರದು. ಇದು ನಮ್ಮ ಕಡೆ ಯಾವ ಪಹಣಿಗಿಂತಲೂ ಗಟ್ಟಿಯಾದ ಹಕ್ಕು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲಂತೂ ಎಸೆಯಲು ಗೊತ್ತಿಲ್ಲದವರು ನಿಂತೇ ಹೋಗಬೇಕು. ಅವರು ಎತ್ತರದ ಆಳು. ನೀಲಿ ಚೌಕುಳಿಯ ಕರ್ಚೀಫನ್ನು ಮುದ್ದೆ ಮಾಡಿ ಎಸೆದರೆ ಸರಿಯಾಗಿ ಎರಡು ಸೀಟಿನ ನಡುವೆ ಬಿಚ್ಚಿಕೊಂಡು ಬೀಳುತ್ತದೆ. ಆಮೇಲೆ ನಾನು ಕಿಟಕಿಗೆ, ಅವರು ಪಕ್ಕಕ್ಕೆ. ಬಸ್ಸು ಹೊರಟಿತೆಂದರೆ ಅವರ ಮಾತು ಶುರು. ಬೆಳಗ್ಗೆ ಯಾವ ಊರಿಗೆ ಅಳತೆಗೆ ಹೋಗಿದ್ದರು, ಯಾರು ಯಾರ ಬದು ಒತ್ತಿದ್ದರು, ಯಾವ ಅಜ್ಜಿ ಅಳತೆಯ ಮಿಷನ್ನಿಗೆ ಕುಂಕುಮ ಹಚ್ಚಿದಳು. ಅವರು ಹೇಳುವುದು, ನಾನು ಕೆಣಕುವುದು. ಸೊರಬ ಬಂದಿದ್ದೇ ಗೊತ್ತಾಗುತ್ತಿರಲಿಲ್ಲ.

ಆ ಕಾದಂಬರಿ ಓದಿದ ಮೇಲೆ ಎಲ್ಲ ಗೊತ್ತಾಗತೊಡಗಿತು. ತಿರುವಿನಲ್ಲಿ ಅವರ ಮೊಣಕೈ ತಾಗಿದ್ದು. ಬಿಸಿಲಲ್ಲಿ ನಿಂತು ಬಂದ ಅಂಗಿಯ ವಾಸನೆ. ನಾನು ಕೆಮ್ಮಿದರೆ ಕೇಳದೆಯೇ ಎದ್ದು ಕಿಟಕಿಯ ಗಾಜು ಎಳೆಯುತ್ತಿದ್ದುದು. ಇಷ್ಟು ವರ್ಷ ಇವೆಲ್ಲ ಇದ್ದವು, ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಗಾಜು ಎಳೆದಾಗ ಈರುಳ್ಳಿ ನೆನಪಾಯಿತು. ಆ ಕ್ಷಣ ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಬಸ್ಸಿನಲ್ಲಿದ್ದವರೆಲ್ಲ ನನ್ನ ತಲೆಯೊಳಗೆ ಇಣುಕಿ ನೋಡುತ್ತಿದ್ದಾರೆ ಅನ್ನಿಸಿತು. ಅವರ ಹೆಂಡತಿಯ ಉಪ್ಪಿನಕಾಯಿಯನ್ನು ಅದೇ ಮಧ್ಯಾಹ್ನ ಮೊಸರನ್ನಕ್ಕೆ ನೆಂಚಿಕೊಂಡಿದ್ದೆ.

ಮರುದಿನದಿಂದ ನನ್ನ ಬ್ಯಾಗನ್ನು ಇಬ್ಬರ ಮಧ್ಯೆ ಇಡಲು ಶುರುಮಾಡಿದೆ. ಅವರು ಸುಮ್ಮನಿರುವ ಜನವೇ?

"ಎಂತ ಮೇಡಂ, ನಂಗೂ ಹೇಳದೆ ಹದ್ದುಬಸ್ತು ಮಾಡ್ಸಿಬಿಟ್ರಾ?"

ಗಡಿ ಅಳೆದು ಕಲ್ಲು ನೆಡುವುದಕ್ಕೆ ಅವರ ಇಲಾಖೆಯಲ್ಲಿ ಹದ್ದುಬಸ್ತು ಅನ್ನುತ್ತಾರೆ. ಬೇರೆ ದಿನವಾಗಿದ್ದರೆ, ಒತ್ತುವರಿ ಜಾಸ್ತಿಯಾಗಿತ್ತು ಎಂದು ಅವರನ್ನೇ ಕೆಣಕುತ್ತಿದ್ದೆ. ಅವತ್ತು, ಪೇಪರ್ ಬಂಡಲ್ ಇದೆ, ಕಾಲಿಗೆ ತಾಗುತ್ತದೆ ಎಂದು ಬಿಗುವಾಗಿ ಹೇಳಿ ಹೊರಗೆ ನೋಡುತ್ತ ಕೂತೆ. ಪರೀಕ್ಷೆ ಮುಗಿದು ಎಷ್ಟೋ ದಿನವಾಗಿತ್ತು.

ಇದಾದ ಮೇಲಿನ ಒಂದು ಹುಣ್ಣಿಮೆಯ ಹಿಂದಿನ ದಿನ, ಚಂದ್ರಗುತ್ತಿಯ ಅಮ್ಮನ ಗುಡಿಗೆ ಹೋಗುವವರೆಲ್ಲ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಹಿಡಿದು ನಿಂತಿದ್ದರು. ನಮ್ಮ ಸರ್ವೇಯರ ಸುಳಿವಿಲ್ಲ, ಅಂಬ್ಲಿಗೊಳದ ಕಾಲುವೆಯ ಕೆಳಗಿನ ಯಾವುದೋ ಜಮೀನಿಗೆ ಅಳತೆಗೆ ಹೋಗಿದ್ದರು, ಬರುವುದು ತಡವಾಗಬಹುದು ಅಂದಿದ್ದರು. ಬಸ್ಸು ತಿರುಗಿ ಒಳಗೆ ಬಂತು. ಇವತ್ತು ಸೀಟು ಹಿಡಿಯಬೇಕಾದವಳು ನಾನೇ. ನನ್ನ ಕರ್ಚೀಫು ಅಂಗೈಯಗಲ, ಗಾಳಿಗೆ ಹಾರುವಂಥದು. ಕೊಡೆ ಮನೆಯಲ್ಲಿತ್ತು. ಬ್ಯಾಗು ಕಿಟಕಿಯ ಸರಳಿನಲ್ಲಿ ತೂರುವುದಿಲ್ಲ. ಬ್ಯಾಗಿನೊಳಗೆ ಕೈಗೆ ಸಿಕ್ಕಿದ್ದನ್ನು ಎಳೆದು ಒಳಗೆ ಎಸೆದುಬಿಟ್ಟೆ. ಎಸೆದ ಮೇಲೆ ಗೊತ್ತಾಯಿತು ಯಾವ ಪುಸ್ತಕವೆಂದು.

ಬಾಗಿಲಲ್ಲಿ ಹೆಂಗಸರು ಮಕ್ಕಳು ಒಬ್ಬರ ಮೇಲೊಬ್ಬರು. ನಾನು ಮೊಣಕೈಯಲ್ಲಿ ಎಲ್ಲರನ್ನೂ ತಳ್ಳಿಕೊಂಡು ಹತ್ತಿದೆ. ಟೀಚರಮ್ಮಂಗೆ ಇವತ್ತು ಮೈಮೇಲೆ ಬಂದೈತಿ ಎಂದು ಯಾರೋ ಅಂದರು. ಹೋಗಿ ನೋಡಿದರೆ ಅವರು ಅಲ್ಲಿದ್ದಾರೆ. ಕೊನೇ ಗಳಿಗೆಯಲ್ಲಿ ಓಡಿಬಂದು ಮುಂದಿನ ಬಾಗಿಲಿಂದ ಹತ್ತಿದ್ದರಂತೆ. ಸರಳಿಗೆ ಬಡಿದು ಬೈಂಡು ಹರಿದು ಜೋತಾಡುತ್ತಿತ್ತು. ಸ್ಕೂಟರಿನ ಆ ಹುಡುಗ ಹುಡುಗಿಯರನ್ನು ಅವರು ಎರಡು ಕೈಯಲ್ಲಿ ಹಿಡಿದು, ಕತ್ತು ಓರೆ ಮಾಡಿ ನೋಡುತ್ತಿದ್ದರು.

"ಸಿಲಬಸ್ಸು ಬದಲಾಯ್ತಾ ಮೇಡಂ?"

ಹೌದು, ನಂದೇ, ಓದ್ತಾ ಇದ್ದೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ವಾರ ನಗೆಯಾಡಿ ಬಿಡುತ್ತಿದ್ದರು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಬ್ಯಾಗಿನಲ್ಲಿ ಸಿಕ್ಕಿದ್ದು, ಕಿತ್ತುಕೊಂಡು ಬಂದೆ ಅಂದೆ. ಬೈಂಡನ್ನೂ ಅವಳೇ ಹಾಕಿದ್ದು, ನೋಡಿ ಎಷ್ಟು ಕಳ್ಳಬುದ್ಧಿ ಎಂದು ಸೇರಿಸಿದೆ. ಇಲ್ಲದ ಹುಡುಗಿಯ ತಲೆಗೆ ನನ್ನ ಕಳ್ಳತನ ಕಟ್ಟುವಾಗ ನನ್ನ ದನಿ ತರಗತಿಯಲ್ಲಿರುವಷ್ಟೇ ಸ್ಪಷ್ಟವಾಗಿತ್ತು.

ಅವರು ನಂಬಿದರು. ನಂಬಿದ್ದಷ್ಟೇ ಅಲ್ಲ, ಹಾಗಾದರೆ ಎರಡು ದಿನ ನನಗೆ ಕೊಡಿ, ನನ್ನ ಹೆಂಡತಿಗೆ ಇಂಥದ್ದು ಬಹಳ ಇಷ್ಟ, ಓದಿ ಕೊಡ್ತಾಳೆ ಎಂದು ತಮ್ಮ ಚೀಲಕ್ಕೆ ಹಾಕಿಕೊಂಡರು. ಬೇಡ ಅನ್ನಲು ನನ್ನ ಹತ್ತಿರ ಒಂದು ಕಾರಣವೂ ಉಳಿದಿರಲಿಲ್ಲ.

ಅವಳು ಓದಿ ಮುಗಿಸುವವರೆಗೆ ನಾನು ಪಟ್ಟ ಪಾಡು ನನಗೇ ಗೊತ್ತು. ಬಸ್ಸಿನ ಇಬ್ಬರು ಸ್ನೇಹಿತರ ಪೈಕಿ ಒಬ್ಬರ ಹೆಂಡತಿ, ಸ್ನೇಹಿತರಿಬ್ಬರು ಪ್ರೇಮಿಗಳಾಗುವ ಕಥೆ ಓದುತ್ತಿದ್ದಾಳೆ, ಕಳಿಸಿದವಳು ನಾನು. ಅವಳಿಗೆ ಏನನ್ನಿಸೀತು? ಈ ಸೀಟು, ಈ ಮಾತು, ಇದೊಂದು ನನ್ನ ಇಡೀ ದಿನದಲ್ಲಿ ನನ್ನದು ಅಂತ ಇರುವುದು. ಉಳಿದದ್ದೆಲ್ಲ ಶಾಲೆಯದು, ಅಣ್ಣನ ಮನೆಯದು. ಅದನ್ನು ನನ್ನ ಕೈಯಾರೆ ಕಿಟಕಿಯಿಂದ ಎಸೆದೆನೇ ಅನ್ನಿಸಿ ಊಟ ಸೇರದಾಯಿತು. ಬಸ್ಸಿನಲ್ಲಿ ಅವರು ಮಾತ್ರ ಪುಸ್ತಕದ ಸುದ್ದಿಯನ್ನೇ ಎತ್ತಲಿಲ್ಲ.

ಭಾನುವಾರ ಉಪ್ಪಿನಕಾಯಿಯ ಖಾಲಿ ಭರಣಿ ವಾಪಸು ಕೊಡುವ ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. ಅವರು ಮಕ್ಕಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದರು. ಅವಳು ತಾರಸಿಯ ಮೇಲೆ ಹಲಸಿನ ಹಪ್ಪಳ ಹಾಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಅವಳು ಉಂಡೆ ಮಾಡಿ ಕೊಡುವುದು, ನಾನು ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಇಟ್ಟು ಒತ್ತುವುದು. ಬಿಸಿಲು ಏರುತ್ತಿತ್ತು. ಅವಳು ಸಾವಕಾಶವಾಗಿ ಪುಸ್ತಕದ ಮಾತು ತೆಗೆದಳು. ಆ ಹುಡುಗಿಗೆ ಬೈಬೇಡಿ ಅಕ್ಕ, ಪುಸ್ತಕ ವಾಪಸ್ ಕೊಟ್ಟುಬಿಡಿ ಅಂದಳು. ಕೊನೆಕೊನೆಯ ಹಾಳೆಗಳೇ ಜಾಸ್ತಿ ನಲುಗಿವೆ, ಪಾಪ, ಆ ಭಾಗ ತುಂಬ ಸಲ ಓದಿದ್ದಾಳೆ, ಆ ವಯಸ್ಸೇ ಹಾಗಲ್ವಾ ಅಂದಳು. ನಾನು ತಲೆಯೆತ್ತದೆ ಹಪ್ಪಳ ಒತ್ತಿದೆ. ಅದು ಹಾಳೆಯಷ್ಟೇ ತೆಳ್ಳಗಾಗಿ ಹರಿಯಿತು.

ನಿನಗೆ ಹೇಗನ್ನಿಸಿತು ಎಂದು ಕೇಳಿದೆ. ಕೇಳದಿದ್ದರೆ ತಪ್ಪಾಗುತ್ತಿತ್ತು, ಕೇಳಿದರೆ ಭಯ.

ಪ್ರೀತಿ ಗೀತಿಯೆಲ್ಲ ಇದ್ದದ್ದೇ, ಅದು ಧಾರಾವಾಹಿಯಲ್ಲೂ ಬರುತ್ತದೆ ಅಂದಳು. ಆದರೆ ಅವರಿಬ್ಬರೂ ಗಿರ್ಮಿಟ್ಟು ತಿನ್ನುತ್ತ ಮಾತಾಡುವುದಿದೆಯಲ್ಲ, ಅದನ್ನು ಮಾತ್ರ ಎರಡು ಸಲ ಓದಿದಳಂತೆ. ನಾನು ಒಂದೇ ಸಲ ಓದಿದ್ದ ಭಾಗ. ಆಮೇಲೆ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿ ಹೇಳಿದಳು.

"ಓದ್ವಾಗ ನಿಮ್ಮಿಬ್ರ ನೆನಪಾಯ್ತು ಅಕ್ಕ. ಅಯ್ಯೋ, ನೀವು ಹಂಗೆಲ್ಲ ತಿಳ್ಕೋಬೇಡಿ, ನಂಗೆ ಅಂಥ ಅನುಮಾನ ಒಂದ್ ದಿನಾನೂ ಬಂದಿಲ್ಲ. ಆದ್ರೆ ಇವ್ರು ಮನೆಗೆ ಬರೋ ಹೊತ್ತಿಗೆ ಮಾತೆಲ್ಲ ಖಾಲಿಯಾಗಿರ್ತದೆ. ಬಸ್ಸಲ್ಲೇ ಆಡಿ ಮುಗಿಸ್ಕೊಂಡು ಬರ್ತಾರೆ. ನಂಗೆ ಉಳಿಯೋದು, ಮೋಟ್ರು ಹಾಕಿದ್ಯಾ, ಗ್ಯಾಸ್ ಬಂತಾ, ಅಷ್ಟೇ."

ದೂರು ಹೇಳಿದ ದನಿಯಲ್ಲ ಅದು. ಹಿಟ್ಟಿಗೆ ಉಪ್ಪು ಒಂಚೂರು ಕಡಿಮೆಯಾಗಿದೆ ಅನ್ನುವ ಹಾಗೆ ಹೇಳಿ, ಮುಂದಿನ ಉಂಡೆ ನನ್ನ ಕೈಗೆ ಕೊಟ್ಟಳು.

ನಾನು ಇಷ್ಟು ದಿನ ನಾಚಿಕೊಂಡದ್ದು ಬೇರೆಯದಕ್ಕೆ. ಮೊಣಕೈ, ಅಂಗಿಯ ವಾಸನೆ, ಪುಸ್ತಕದ ಅಪ್ಪುಗೆ. ಏನೂ ನಡೆದಿಲ್ಲವಲ್ಲ, ಯಾರದನ್ನೂ ನಾನು ತೆಗೆದುಕೊಂಡಿಲ್ಲವಲ್ಲ ಎಂಬ ಧೈರ್ಯ ತಳದಲ್ಲಿ ಇದ್ದೇ ಇತ್ತು. ತೆಗೆದುಕೊಂಡಿದ್ದೆ. ದಿನಾ ಸಂಜೆ, ಹಾಡಹಗಲೇ, ಬಸ್ಸಿನವರೆಲ್ಲರ ಕಣ್ಣೆದುರಿಗೆ. ಅದಕ್ಕೆ ಸ್ನೇಹ ಎಂದು ಹೆಸರಿಟ್ಟು, ಅದು ಪ್ರೀತಿಗಿಂತ ಮೇಲಿನದೆಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದ್ದೆ. ಅವಳು ನನಗೆ ಉಪ್ಪಿನಕಾಯಿ ಕಳಿಸುತ್ತಿದ್ದಳು. ಮೆಟ್ಟಿಲಿಳಿದು ಬರುವಾಗ ಅವಳು ಪುಸ್ತಕ ಕೈಗಿತ್ತಳು. ಹರಿದ ಬೈಂಡನ್ನು ತೆಗೆದು ಹೊಸ ಬೈಂಡು ಹಾಕಿದ್ದಳು, ಆ ಹುಡುಗಿಗೆ ಅಂತ.

ಸೋಮವಾರ ಸಂಜೆ ನೀಲಿ ಕರ್ಚೀಫು ಎಂದಿನಂತೆ ಬಿತ್ತು. ಬೇರೆ ಸೀಟಿಗೆ ಹೋಗೋಣ ಅಂದುಕೊಂಡೇ ಹತ್ತಿದವಳು ಅಲ್ಲೇ ಕೂತೆ. ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವರ ಹತ್ತಿರ ಅವತ್ತು ಭರ್ಜರಿ ಕಥೆಯಿತ್ತು. ಅಣ್ಣ ತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷವಾಗಿದೆ, ನಡುವಿನ ಬದು ಅಳೆದರೆ ಗೆರೆ ಸರಿಯಾಗಿ ಒಂದು ಮಾವಿನ ಮರದ ಬುಡದ ಮೇಲೆ ಹೋಗುತ್ತದೆ. ಅಣ್ಣ ಮರ ತಬ್ಬಿಕೊಂಡು ನಿಂತುಬಿಟ್ಟಿದ್ದಾನೆ. ಆಗ ಆ ತಮ್ಮ ಒಂದು ಮಾತು ಹೇಳಿದ ನೋಡಿ ಮೇಡಂ ಎಂದು, ಎಂದಿನ ರೂಢಿಯಂತೆ ನಿಲ್ಲಿಸಿ ನನ್ನ ಮುಖ ನೋಡಿದರು.

"ಇದನ್ನ ಮನೇಲಿ ಹೇಳಿದ್ದೀರಾ?" ಅಂದೆ.

ಇಲ್ಲ, ಈಗಿನ್ನೂ ಇವತ್ತು ನಡೆದದ್ದಲ್ವಾ ಅಂದರು.

"ಹಂಗಾದ್ರೆ ನಂಗೆ ಬೇಡ. ಮೊದ್ಲು ಅವಳಿಗೆ ಹೇಳಿ. ನಂಗೆ ನಾಳೆ ಹೇಳಿದ್ರೆ ಸಾಕು."

ಅವರು ಯಾಕೆಂದು ಕೇಳಲಿಲ್ಲ. ಶಿರಾಳಕೊಪ್ಪ ದಾಟುವವರೆಗೂ ಏನೋ ಯೋಚಿಸುತ್ತಿದ್ದವರು, ಅವಳಿಗೆ ಇಂಥದ್ದೆಲ್ಲ ಕೇಳೋಕೆ ಇಷ್ಟ ಇದೆಯಾ ಅಂತ ಒಮ್ಮೆ ಅಂದರು. ನೀವು ಕೇಳಿ ನೋಡಿ ಅಂದೆ. ಸೊರಬ ಆವತ್ತು ಬಹಳ ದೂರ ಅನ್ನಿಸಿತು. ಆ ತಮ್ಮ ಏನು ಹೇಳಿರಬಹುದೆಂದು ಮನೆಗೆ ಹೋಗಿ ಅಕ್ಕಿ ತೊಳೆಯುವಾಗಲೂ ಯೋಚಿಸುತ್ತಿದ್ದೆ. ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ, ಸ್ವಲ್ಪ ಹೆಮ್ಮೆಯೂ ಆಯಿತು.

ಮರುದಿನ ಸಂಜೆ ಅವರು ಕೂರುವ ಮೊದಲೇ ಶುರುಮಾಡಿದರು. ಮರ ಅಣ್ಣನೇ ಇಟ್ಟುಕೊಳ್ಳಲಿ ಸಾರ್, ಮಧ್ಯಾಹ್ನದ ಮೇಲೆ ನೆರಳು ನನ್ನ ಹೊಲಕ್ಕೆ ಬೀಳ್ತದೆ, ಆ ನೆರಳು ನಂದು ಅಂತ ಬರ್ಕೊಳ್ಳಿ ಅಂದನಂತೆ ತಮ್ಮ. ಚೆನ್ನಾಗಿತ್ತು. ನಾನು ನಗಲು ಬಾಯಿ ತೆರೆದೆ. ಅವರು ಕೈಯೆತ್ತಿ ನನ್ನನ್ನು ತಡೆದರು.

"ತಡೀರಿ, ಅದಲ್ಲ. ಅವಳು, ಬರ್ಕೊಂಡ್ರಾ ಅಂತ ಕೇಳಿದ್ಲು. ಇಲ್ಲ ಅಂದೆ. ಥೂ, ಬರ್ಕೋಬೇಕಿತ್ತು, ನೆರಳಿಗೆ ಕಂದಾಯ ಇಲ್ವಲ್ಲ ಅಂತ ನಗೋಕೆ ಶುರುಮಾಡಿದ್ಲು ಮೇಡಂ, ಕಣ್ಣಲ್ಲಿ ನೀರು ಬರೋ ಹಂಗೆ. ಅವಳು ಹಂಗೆ ನಗ್ತಾಳೆ ಅಂತ ನಂಗೆ ಮರ್ತೇ ಹೋಗಿತ್ತು."

ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ನನಗೆ ಹೊಸದು. ಇಷ್ಟು ವರ್ಷ ಪಕ್ಕದಲ್ಲಿ ಕೂತು ನಾನು ಅದನ್ನು ನೋಡಿರಲಿಲ್ಲ.

ಮದುವೆಮನೆಯಲ್ಲಿ ಹೋಳಿಗೆಯ ತಟ್ಟೆ ಹಿಡಿದು ನಿಂತ ಹುಡುಗಿಯನ್ನು ಓದಿದಾಗ, ಇಷ್ಟಕ್ಕೆಲ್ಲ ಯಾರ ಎದೆಯೂ ಉರಿಯುವುದಿಲ್ಲ, ಇದೆಲ್ಲ ಪುಸ್ತಕದವರ ಆಟ ಎಂದು ಗೊಣಗಿದ್ದೆ. ಉರಿಯುತ್ತದೆ. ಅವಳಿಗೆ ಹೇಳಿ ಎಂದು ಕಳಿಸಿದವಳು ನಾನೇ, ಅವಳು ನಗಲಿ ಎಂದು ಬಯಸಿದವಳೂ ನಾನೇ, ನಕ್ಕಳು ಅಂದಾಗ ಮಾತ್ರ ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಕಾದಂಬರಿಯ ಹುಡುಗಿಗೆ ಅದರ ಮುಂದೆ ಅರ್ಧ ಪುಸ್ತಕ ಬಾಕಿಯಿತ್ತು. ನನಗೆ ಏನೂ ಇರಲಿಲ್ಲ, ಇರಲೂ ಬಾರದು.

ಬಹಳ ಒಳ್ಳೇದಾಯ್ತು ಅಂದೆ. ದನಿ ಸರಿಯಾಗಿಯೇ ಬಂತು. ತೊಡೆಯ ಮೇಲಿದ್ದ ಬ್ಯಾಗನ್ನು ಎತ್ತಿ ಇಬ್ಬರ ಮಧ್ಯೆ ಇಟ್ಟೆ. ಈ ಸಲ ಅವರು ಹದ್ದುಬಸ್ತಿನ ತಮಾಷೆ ಮಾಡಲಿಲ್ಲ. ಬ್ಯಾಗು ಇಟ್ಟದ್ದನ್ನು ನೋಡಲೇ ಇಲ್ಲ; ಮನೆಗೆ ಹೋಗಿ ಇವತ್ತು ಅವಳಿಗೆ ಯಾವ ಕಥೆ ಹೇಳಲಿ ಎಂದು ನನ್ನನ್ನು ಕೇಳುತ್ತಿದ್ದರು.